ಎರಕ ಹೊಯ್ದವರ ಹೆಸರೂ ಚೀಟಿಯಲ್ಲಿರಲಿ

ನಾಶಿಕದ ಸರಾಫ್ ಬಜಾರಿನಲ್ಲಿ ಕೊಂಡ ನನ್ನ ಬಳೆಯ ಒಳಮೈಯಲ್ಲಿ ಅಕ್ಷರ, ಅಂಕಿ ಸೇರಿ ಆರು ಗುರುತುಗಳ ಒಂದು ಸಾಲು ಇದೆ. ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವಷ್ಟು ಸಣ್ಣದು. ಅದನ್ನು ‘ಬಿಐಎಸ್ ಕೇರ್’ ಆ್ಯಪಿಗೆ ಕೊಟ್ಟರೆ ಮುದ್ರೆ ಹಾಕಿಸಿದ ವ್ಯಾಪಾರಿಯ ನೋಂದಣಿ, ಪರೀಕ್ಷಿಸಿದ ಕೇಂದ್ರ, ಚಿನ್ನದ ಶುದ್ಧತೆ, ಒಡವೆಯ ಬಗೆ, ಮುದ್ರೆ ಬಿದ್ದ ತಾರೀಖು ಎಲ್ಲವೂ ಹೊರಬೀಳುತ್ತವೆ. ಬಳೆ ಮಾಡಿದವರು ಯಾರು ಎಂಬುದೊಂದು ಬರುವುದಿಲ್ಲ. 2021ರ ಜೂನ್‌ನಿಂದ ಹಂತ ಹಂತವಾಗಿ ಕಡ್ಡಾಯವಾದ ಈ ಹಾಲ್‌ಮಾರ್ಕ್ ಗಿರಾಕಿಗೆ ಒಳ್ಳೆಯದನ್ನೇ ಮಾಡಿದೆ, ತಕರಾರಿಲ್ಲ. ಅಂಗಡಿ ಎಂದಮೇಲೆ ಲೆಕ್ಕ ತೂಕದ್ದೇ. ಕಲಾಶಾಲೆಯೂ ಮಾಡಿದವರ ಹೆಸರು ನುಂಗಿದಾಗ ಮಾತ್ರ ಸುಮ್ಮನಿರಲಾಗುವುದಿಲ್ಲ.

ನನ್ನ ತವರು ಬೀದರ ಜಿಲ್ಲೆಯ ಭಾಲ್ಕಿ. ನೌಕರಿಯೆಲ್ಲ ಔರಂಗಾಬಾದಿನಲ್ಲಿ, ಹೈಸ್ಕೂಲಿನ ಚಿತ್ರಕಲಾ ಶಿಕ್ಷಕಿಯಾಗಿ. 2023ರಲ್ಲಿ ಅದು ಛತ್ರಪತಿ ಸಂಭಾಜಿನಗರ ಆಗುವ ಹೊತ್ತಿಗೆ ನಾನು ನಿವೃತ್ತಳಾಗಿ ನಾಶಿಕದಲ್ಲಿರುವ ಮಗಳ ಮನೆ ಸೇರಿದ್ದೆ. ಹಳೆಯ ಶಿಷ್ಯರು ಕರೆದರೆ ಬಸ್ಸು ಹತ್ತಿ ಪ್ರದರ್ಶನ ನೋಡಲು ಹೋಗುವ ಚಟ ಇನ್ನೂ ಬಿಟ್ಟಿಲ್ಲ. ಹೀಗೆ ಮರಾಠವಾಡದ ಒಂದು ಕಲಾಶಾಲೆಯಲ್ಲಿ (ಹೆಸರು ಬೇಡ) ವಿದ್ಯಾರ್ಥಿಗಳೂ ಅಧ್ಯಾಪಕರೂ ಸೇರಿ ಏರ್ಪಡಿಸಿದ್ದ ಸಮಕಾಲೀನ ಆಭರಣಗಳ ಪ್ರದರ್ಶನಕ್ಕೆ ಹೋದೆ. ವಾಳೂಜ್ ಕೈಗಾರಿಕಾ ವಸಾಹತಿನ ಲೇತ್ ಯಂತ್ರಗಳಿಂದ ಉದುರುವ ಉಕ್ಕಿನ ಸುರುಳಿಗಳನ್ನು ಪೋಣಿಸಿ ಒಬ್ಬಳು ಕಂಠೀಹಾರ ಮಾಡಿದ್ದಳು. ಇನ್ನೊಬ್ಬ ಪೈಠಣಿ ಸೀರೆಯ ಚಿಂದಿಗಳಿಂದ ತೋಳಬಂದಿ ಕಟ್ಟಿದ್ದ. ಹೆಚ್ಚಿನವು ಚೆನ್ನಾಗಿದ್ದವು. ಕೆಲವನ್ನು ಹಾಕಿಕೊಂಡರೆ ಕುತ್ತಿಗೆಗೆ ಬ್ಯಾಂಡೇಜೇ ಗತಿ, ಅದಿರಲಿ.

ನಾನು ನಿಂತದ್ದು ಒಂದು ಜೊತೆ ಬಿದ್ರಿ ಓಲೆಗಳ ಮುಂದೆ. ಕಾಡಿಗೆಗಪ್ಪಿನ ಮೇಲೆ ಬೆಳ್ಳಿಯ ಗೆರೆ ಎಲ್ಲೂ ಅಲುಗಿರಲಿಲ್ಲ. ಚೀಟಿಯಲ್ಲಿ ವಿದ್ಯಾರ್ಥಿಯ ಹೆಸರು, ಕೆಳಗೆ ‘ಮಾರ್ಗದರ್ಶನ’ ಎಂದು ಪ್ರಾಧ್ಯಾಪಕರ ಹೆಸರು, ಅದರ ಕೆಳಗೆ ‘ಮಾಧ್ಯಮ: ಬಿದ್ರಿ’. ಎರಕ ಹೊಯ್ದವರು ಯಾರಪ್ಪಾ ಎಂದು ಕೇಳಿದೆ. ಹುಡುಗ ಸಂಕೋಚವಿಲ್ಲದೆ ಹೇಳಿದ: “ಅದು ಜಾಬ್‌ವರ್ಕ್ ಮೇಡಂ, ಹೊರಗೆ ಮಾಡಿಸಿದ್ದು.”

ಆ ‘ಹೊರಗೆ’ ಏನೇನು ನಡೆಯುತ್ತದೆ ಎಂದು ಬೀದರದ ಕಡೆಯವರಿಗೆ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಕರಗಿಸಿ ಮಣ್ಣಿನ ಅಚ್ಚಿಗೆ ಹೊಯ್ಯುತ್ತಾರೆ. ತಣಿದದ್ದನ್ನು ಅರದಿಂದ ಉಜ್ಜಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಗೀಚಿದ ನಕ್ಷೆ ಕಾಣಲೆಂದು. ಚಿಕ್ಕ ಉಳಿಯಿಂದ ಆ ನಕ್ಷೆಯನ್ನು ಕೊರೆದು, ತೋಡಿನೊಳಗೆ ಬೆಳ್ಳಿ ತಂತಿ ಅಥವಾ ತಗಡು ಕೂರಿಸಿ ಬಡಿಯುತ್ತಾರೆ. ತಂತಿ ಕೂರಿಸುವುದು ತಾರಕಶಿ. ಮತ್ತೆ ಉಜ್ಜಿದಾಗ ಬೆಳ್ಳಿ, ಸತುವು ಎರಡೂ ಬಿಳಿಚಿಕೊಂಡು ಚಿತ್ತಾರವೇ ಮಾಯವಾದಂತಿರುತ್ತದೆ. ಕೊನೆಗೆ ಬೀದರ ಕೋಟೆಯೊಳಗಿನ, ಬಿಸಿಲು ಮಳೆ ಕಾಣದ ಜಾಗದ ಹಳೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಲೋಹಕ್ಕೆ ಹಚ್ಚಿದರೆ ಸತುವಿನ ಭಾಗ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಮಣ್ಣು ಸರಿಯಾದದ್ದೇ ಎಂದು ಉಸ್ತಾದರು ನಾಲಿಗೆಗೆ ತಾಗಿಸಿ ನೋಡುತ್ತಾರೆ. 1956ರವರೆಗೆ ಬೀದರವೂ ಔರಂಗಾಬಾದೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಬಿದ್ರಿಯ ಕೆಲವು ಕುಲುಮೆಗಳು ಸಂಭಾಜಿನಗರದಲ್ಲೂ ಇವೆ, ಅಲ್ಲಿ ಅಜಂತಾದ ಚಿತ್ತಾರಗಳೂ ಬಿದ್ರಿಯ ಮೇಲೆ ಮೂಡುತ್ತವೆ.

ಬಿದ್ರಿ ಹೂದಾನಿ ಮಾಡುವುದು ಒಂದು ಕಷ್ಟವಾದರೆ ಬಿದ್ರಿ ಓಲೆ ಮಾಡುವುದು ಬೇರೆಯೇ ಕಷ್ಟ. ಈ ಮಿಶ್ರಲೋಹ ಪೆಡಸು. ತೆಳ್ಳಗೆ ಎರಕ ಹೊಯ್ದು ಬಗ್ಗಿಸಲು ಹೋದರೆ ಬಿಸ್ಕತ್ತಿನಂತೆ ಮುರಿಯುತ್ತದೆ. ಸತುವು ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಅಕ್ಕಸಾಲಿಗರ ಬೆಳ್ಳಿ ಬೆಸುಗೆ ಹರಿಯಲು 600 ಡಿಗ್ರಿ ದಾಟಬೇಕು. ಎಂದರೆ ಓಲೆಗೆ ಕೊಂಡಿ ಬೆಸೆಯಲು ಹೋದರೆ ಓಲೆಯೇ ಕರಗಿ ನೀರಾದೀತು. ಎರಕದಲ್ಲೇ ತೂತು ಬಿಟ್ಟು ರಿವೆಟ್ ಹೊಡೆಯಬೇಕು, ಇಲ್ಲವೇ ಬೆಳ್ಳಿಯ ಕಟ್ಟಿನಲ್ಲಿ ಕೂರಿಸಬೇಕು. ಮೈಬೆವರಿಗೆ ಕಪ್ಪು ಮಾಸುವ ತಾಪತ್ರಯ ಬೇರೆ. ಇವು ಕಲಾಶಾಲೆಯೊಳಗೆ ಕೂತು ಬಿಡಿಸಬೇಕಾದ ತೊಡಕುಗಳು. ಅವನ್ನು ಬಿಡಿಸುವವರನ್ನು ಹೊರಗಿಟ್ಟು ವಿದ್ಯಾರ್ಥಿ ಕಲಿತದ್ದೇನು? ಕಾಗದದ ಮೇಲೆ ಒಂದು ಹೂ ಬರೆಯುವುದನ್ನು. ಅಷ್ಟನ್ನು ನಾನೇ ಎಂಟನೇ ತರಗತಿಯಲ್ಲಿ ಕಲಿಸುತ್ತಿದ್ದೆ.

ಪ್ರದರ್ಶನದ ಕಿರುಹೊತ್ತಗೆಯಲ್ಲಿ ಯುರೋಪಿನ ಮಾತು ಬಹಳ ಇತ್ತು. ತಪ್ಪೇನಿಲ್ಲ. ಸ್ವಿಟ್ಜರ್ಲೆಂಡಿನ ಓಟೋ ಕುಂಜ್ಲಿ 1980ರಲ್ಲಿ ಕಪ್ಪು ರಬ್ಬರಿನ ಬಳೆಯೊಳಗೆ ಚಿನ್ನದ ಗುಂಡೊಂದನ್ನು ಅಡಗಿಸಿ, ಚಿನ್ನ ಕಣ್ಣು ಕುರುಡಾಗಿಸುತ್ತದೆ ಎಂಬರ್ಥದ ಹೆಸರಿಟ್ಟರು. ತೊಟ್ಟವರಿಗೆ ಕಾಣುವುದು ಉಬ್ಬು ಮಾತ್ರ. ಒಡವೆಯ ಬೆಲೆ ಲೋಹದಲ್ಲಿಲ್ಲ ಎಂದು ತೋರಿಸಲು ಅವರಿಗೆ ಅಷ್ಟು ಜಾಣತನ ಬೇಕಾಯಿತು. ಬಿದ್ರಿಯವರು ಅಗ್ಗದ ಸತುವಿನ ಮೇಲೆ ಎಳೆಯಷ್ಟು ಬೆಳ್ಳಿ ಇಟ್ಟು ಕೈಕೆಲಸವನ್ನೇ ಬೆಲೆಯಾಗಿಸಿ ಶತಮಾನಗಳಾದವು. ಆದರೆ ಕುಂಜ್ಲಿಯ ಬಳೆಯ ಜೊತೆ ಕುಂಜ್ಲಿಯ ಹೆಸರು ಹೋಗುತ್ತದೆ.

ಕಲಾಶಾಲೆಯ ಗುರುಶಿಷ್ಯರು ಈ ಸೀಮೆಯ ಒಡವೆಗಳ ಬೆನ್ನು ಹತ್ತಿದ್ದು ಇದೇ ಮೊದಲೂ ಅಲ್ಲ. ಮುಂಬೈ ಕಲಾಶಾಲೆಯ ಜಾನ್ ಗ್ರಿಫಿತ್ಸ್ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು 1872ರಿಂದ 1885ರ ನಡುವೆ ಅಜಂತಾ ಗುಹೆಗಳಲ್ಲಿ ಕೂತು ಚಿತ್ರಗಳ ಪ್ರತಿ ಮಾಡಿದರು. ಒಂದನೇ ಗುಹೆಯ ಪದ್ಮಪಾಣಿಯ ಕಿರೀಟ, ಮುತ್ತಿನ ಸರ ಎಲ್ಲ ಬರಿಯ ಬಣ್ಣದ ಒಡವೆಗಳೇ. ಲಂಡನ್ನಿಗೆ ಕಳಿಸಿದ ಪ್ರತಿಗಳಲ್ಲಿ ಬಹಳಷ್ಟು 1885ರ ಬೆಂಕಿಗೆ ಹೋದವು. ಆಮೇಲೆ ಬಂದ ಎರಡು ಸಂಪುಟಗಳು ಗ್ರಿಫಿತ್ಸ್ ಹೆಸರಿನವು. ಜೊತೆಗಿದ್ದ ಪೆಸ್ತೋನ್‌ಜಿ ಬೊಮಾನ್‌ಜಿ ಮುಂದೆ ತಾವೇ ದೊಡ್ಡ ಚಿತ್ರಕಾರರಾದರು. ಉಳಿದ ಹುಡುಗರನ್ನು ನೆನೆಯುವವರು ಕಡಿಮೆ.

ನಕ್ಷೆ ತನ್ನದು, ಆದ್ದರಿಂದ ಕೃತಿ ತನ್ನದು ಎಂದು ಆ ಹುಡುಗ ವಾದಿಸಿದ. ಅವನ ಹೆಸರು ಅಳಿಸಿ ಎಂದು ಯಾರು ಹೇಳಿದರು? ಇನ್ನೊಂದು ಸಾಲು ಬರೆಯಿರಿ ಎಂದಷ್ಟೇ ಕೇಳುತ್ತಿದ್ದೇನೆ. ಬೇಲೂರಿನ ಕಲ್ಲುಹೆಣ್ಣುಗಳ ಮೈತುಂಬ ಒಡವೆ ಕೆತ್ತಿದ ಬಳ್ಳಿಗಾವೆಯ ದಾಸೋಜನಂಥವರು ಪೀಠದಲ್ಲಿ ಹೆಸರು ಕೊರೆದು ಹೋದದ್ದರಿಂದಲೇ ಇಂದು ನಮಗೆ ಅವರ ಊರೂ ಗೊತ್ತು. ನಾಶಿಕದ ಪಾಂಡವಲೇಣಿಯಲ್ಲಂತೂ ನಹಪಾನನ ಅಳಿಯ ಉಷವದಾತ 3,000 ಕಾರ್ಷಾಪಣಗಳನ್ನು ಗೋವರ್ಧನದ ನೇಕಾರರ ಶ್ರೇಣಿಗಳಲ್ಲಿ ಬಡ್ಡಿಗೆ ಇಟ್ಟದ್ದು ಕಲ್ಲಿನ ಮೇಲಿದೆ. ಆಗ ಕುಶಲಕರ್ಮಿಗಳ ಕೈಗೆ ಖಜಾನೆಯ ಹಣ ಕೊಡುತ್ತಿದ್ದರು, ಈಗ ಹಾಜರಿ ಪುಸ್ತಕ ಕೊಡಲೂ ಹಿಂದೆಮುಂದೆ ನೋಡುತ್ತಾರೆ.

ಡಿಗ್ರಿ ಇಲ್ಲದವರನ್ನು ಸಿಬ್ಬಂದಿ ಎನ್ನುವುದು ಹೇಗೆ ಎಂದು ಪ್ರಾಚಾರ್ಯರು ಕೇಳುತ್ತಾರೆ. ಬೀದರದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಡಿಗ್ರಿ ನೋಡಿ ಅಲ್ಲ. ಅದೇ ವರ್ಷ ಯುಜಿಸಿ ಕೂಡ ಕಲಾವಿದರನ್ನೂ ಕುಶಲಕರ್ಮಿಗಳನ್ನೂ ಕಾಲೇಜಿನೊಳಗೆ ಗುರುಗಳಾಗಿ ಇಟ್ಟುಕೊಳ್ಳಲು ಮಾರ್ಗಸೂಚಿ ತಂದಿತು. ಬಾಗಿಲು ತೆರೆದಿದೆ. ಸಂಭಾಜಿನಗರವಾಗಲಿ ನಾಶಿಕವಾಗಲಿ ಕಲಬುರಗಿಯಾಗಲಿ, ಕಲಾಶಾಲೆಗಳಲ್ಲಿ ಒಂದು ಕೋಣೆ, ಒಂದು ಕುಲುಮೆ, ವಾರಕ್ಕೆ ಎರಡು ದಿನ ಒಬ್ಬ ಉಸ್ತಾದ್, ಅವರಿಗೆ ಗ್ರಾಂ ಲೆಕ್ಕದ ಮಜೂರಿಯ ಬದಲು ತಿಂಗಳ ಸಂಭಾವನೆ. ಮೊದಲ ವರ್ಷಕ್ಕೆ ಇಷ್ಟು ಸಾಕು.

ಜೊತೆಗೆ ಪ್ರದರ್ಶನಕ್ಕೆ ಅಂಕ ಕೊಡುವಾಗ ನೂರರಲ್ಲಿ ಇಪ್ಪತ್ತು ಆ ಉಸ್ತಾದರ ಕೈಯಲ್ಲಿರಲಿ. ಕೂತು ಕಲಿತವರು ಯಾರು, ಹೊರಗೆ ಮಾಡಿಸಿಕೊಂಡು ಬಂದವರು ಯಾರು ಎಂದು ಅವರು ಓಲೆಯ ಹಿಂಬದಿ ತಿರುಗಿಸಿ ನೋಡಿಯೇ ಹೇಳಿಬಿಡುತ್ತಾರೆ.