ಮೂರು ವರ್ಷದೊಳಗಿನ ಕೂಸು ಯಾರ ಹೊಣೆ?



ಎಲ್‌ಕೆಜಿ, ಯುಕೆಜಿ ಅಂಗನವಾಡಿಯಲ್ಲಿ ನಡೆಯಬೇಕೋ ಸರ್ಕಾರಿ ಶಾಲೆಯಲ್ಲೋ ಎಂಬ ಜಗ್ಗಾಟವನ್ನು ಕೆಲವು ವರ್ಷಗಳಿಂದ ನೋಡುತ್ತಿದ್ದೇವೆ. ಅದೆಲ್ಲ ಮೂರು ದಾಟಿದ ಮಕ್ಕಳ ಮಾತು. ಅದಕ್ಕೂ ಚಿಕ್ಕ ಕೂಸನ್ನು ಬಿಟ್ಟು ದುಡಿಯಲು ಹೋಗಲೇಬೇಕಾದ ತಾಯಂದಿರ ವಿಚಾರವನ್ನು ಅಷ್ಟು ಜೋರಾಗಿ ಯಾವ ಇಲಾಖೆಯೂ ಎತ್ತುತ್ತಿಲ್ಲ.

ಬೊಮ್ಮನಹಳ್ಳಿಯ ಸುತ್ತ ಗಾರ್ಮೆಂಟ್ಸ್ ಹೆಂಗಸರ ವಠಾರಗಳಿಗೆ ಒಮ್ಮೆ ಬಂದು ನೋಡಿ. ಬೆಳಿಗ್ಗೆ ಎಂಟಕ್ಕೆ ಡಬ್ಬಿ ಹಿಡಿದು ಹೊರಟವರು ಮನೆ ಸೇರುವಾಗ ಸಂಜೆ ಆರು ದಾಟಿರುತ್ತದೆ. ಊರಿನಿಂದ ಅಜ್ಜಿ ಬಂದಿದ್ದಷ್ಟು ದಿನ ಚಿಂತೆಯಿಲ್ಲ. ಅಜ್ಜಿ ಹೊರಟ ಮೇಲೆ ಕೂಸು ಅಕ್ಕನ ಪಾಲಿಗೆ. ಅಕ್ಕ ಎಂದರೆ ಮೂರನೇ ಕ್ಲಾಸಿನ ಹುಡುಗಿ. ತಮ್ಮನನ್ನು ಸೊಂಟಕ್ಕೇರಿಸಿಕೊಂಡು, ಒಂದು ಕೈಯಲ್ಲಿ ಅವನ ಮೂಗು ಒರೆಸುತ್ತಾ ನಲ್ಲಿಯ ಹತ್ತಿರ ನಿಂತಿರುತ್ತಾಳೆ. ಶಿಕ್ಷಕಿಯಾಗಿದ್ದಷ್ಟು ಕಾಲವೂ ಇಂಥ ಹುಡುಗಿಯರ ಹೆಸರಿನ ಮುಂದೆ ಗೈರುಹಾಜರಿ ಬರೆದಿದ್ದೇನೆ. ಖಾಸಗಿ ಡೇ ಕೇರ್ ಫೀ ಕಟ್ಟಿದರೆ ಸಂಬಳದಲ್ಲಿ ಮನೆಬಾಡಿಗೆಗೆ ಉಳಿಯುವುದಿಲ್ಲ.

ಕಾನೂನು ಇಲ್ಲವೆಂದಲ್ಲ. 30ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದು 1976ರಲ್ಲಿ ತಿದ್ದುಪಡಿಯಾದ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ನೌಕರರಿರುವ ಸಂಸ್ಥೆಗಳ ಮೇಲೂ ಈ ಹೊಣೆ ಹೊರಿಸಿತು. ಆದರೆ ಎಂಟು ತಿಂಗಳ ಮಗುವನ್ನೆತ್ತಿಕೊಂಡು, ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಕಾರ್ಖಾನೆವರೆಗೆ ದಿನವೂ ಹೋಗಿಬರಲು ಯಾವ ತಾಯಿಗೆ ಸಾಧ್ಯ? ಮನೆಗೆಲಸದವರಿಗೆ, ಹೂ ಮಾರುವವರಿಗೆ, ಹತ್ತು ಮೆಷಿನ್ನಿನ ಶೆಡ್‌ನಲ್ಲಿ ಹೊಲಿಯುವವರಿಗೆ ಈ ಕಾನೂನು ಸೋಕುವುದೇ ಇಲ್ಲ. ಕೂಸನ್ನು ಬಿಡುವ ಜಾಗ ಮನೆಯ ಹತ್ತಿರವೇ ಇರಬೇಕು.

ಹತ್ತಿರದಲ್ಲಿರುವುದು ಅಂಗನವಾಡಿ. ಅಂಗನವಾಡಿಗಳನ್ನು ತಂದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) 1975ರ ಅಕ್ಟೋಬರ್ 2ರಂದು ಶುರುವಾದಾಗ ದೇಶದ ಮೊದಲ 33 ಯೋಜನೆಗಳಲ್ಲಿ ನಮ್ಮ ತಿ. ನರಸೀಪುರವೂ ಸೇರಿತ್ತು. ಇಂದಿಗೂ ಬಹುಪಾಲು ಕೇಂದ್ರಗಳಲ್ಲಿ ಮೂರರೊಳಗಿನ ಮಗುವಿಗೆ ಪೌಷ್ಟಿಕ ಆಹಾರದ ಪೊಟ್ಟಣ ಕೊಟ್ಟು ಕಳಿಸುತ್ತಾರೆ, ಮಗುವನ್ನು ಇಟ್ಟುಕೊಳ್ಳುವುದಿಲ್ಲ. ದೊಡ್ಡ ಮಕ್ಕಳಿಗೂ ಸಂಜೆ ನಾಲ್ಕಕ್ಕೆ ಬಾಗಿಲು ಮುಚ್ಚುತ್ತದೆ.

ರಾಜ್ಯ ಸರ್ಕಾರ 2023–24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿದ್ದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಅಲ್ಲಿನ ಆರೈಕೆದಾರರಿಗೆ ಗೊತ್ತುಮಾಡಿದ್ದು ನರೇಗಾ ಕೂಲಿ, ಅದೂ ಸರದಿಯ ಮೇಲೆ. ಅಂಬೆಗಾಲಿಡುವ ಮಗು ಅತ್ತಾಗ ದಿನವೂ ಅದೇ ಕೈ ಎತ್ತಿಕೊಳ್ಳಬೇಕಲ್ಲವೇ? ಅವರನ್ನು ಕಾಯಂ ಸಂಬಳಕ್ಕೆ ತೆಗೆದುಕೊಳ್ಳಿ.

ನಗರಕ್ಕೂ ಕೂಸಿನ ಮನೆ ಬೇಕು. ಪ್ರತಿ ವಾರ್ಡಿನಲ್ಲಿ ಒಂದೆರಡು ಅಂಗನವಾಡಿಗಳಾದರೂ ಬೆಳಿಗ್ಗೆ 8ರಿಂದ ಸಂಜೆ 7ರವರೆಗೆ ತೆರೆದಿರಲಿ. ಈ ಕೆಲಸವನ್ನು ಈಗಿರುವ ಕಾರ್ಯಕರ್ತೆಯರ ತಲೆಗೆ ಕಟ್ಟಬೇಡಿ. ಗೌರವಧನದಲ್ಲೇ ಸರ್ವೆ, ಚುನಾವಣೆ ಎಂದು ಅವರು ಈಗಾಗಲೇ ಅಲೆದು ಸೋತಿದ್ದಾರೆ. ಎರಡನೇ ಪಾಳಿಗೆ ಬೇರೆಯವರನ್ನೇ ನೇಮಿಸಿ. ಕಟ್ಟಡ ಕಾರ್ಮಿಕರ ಕುಟುಂಬಗಳು ಹೆಚ್ಚಿರುವ ವಾರ್ಡುಗಳಿಗೆ ಅವರ ಕಲ್ಯಾಣ ಮಂಡಳಿಯ ಸೆಸ್ ಹಣದಲ್ಲಿ ಒಂದು ಪಾಲು ಬರಲಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರು ಮುಂದಿನ ಬಜೆಟ್‌ಗೆ ಬೇಡಿಕೆಪಟ್ಟಿ ಕಳಿಸುವಾಗ ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕೆಂದು ಒತ್ತಾಯಿಸುತ್ತೇನೆ.

—ಒಬ್ಬ ನಿವೃತ್ತ ಶಿಕ್ಷಕಿ, ಬೊಮ್ಮನಹಳ್ಳಿ, ಬೆಂಗಳೂರು