ಬರಿದಾದ ಕೆರೆಯನ್ನೂ ಎಣಿಸಬೇಕು

ಹಿಂಗಾರಿ ಕಡಲೆ ಗೇಣುದ್ದ ಬೆಳೆದು ನಿಂತ ಕಾಲದಲ್ಲಿ ರೋಣದಿಂದ ಗದುಗಿನ ಮಾರ್ಗವಾಗಿ ಶಿರಹಟ್ಟಿಯ ಕಡೆಗೆ ಹೋಗುವ ಪ್ರಸಂಗ ನಮಗೊಮ್ಮೆ ಒದಗಿತ್ತು. ದಾರಿಯಲ್ಲಿ ಮಾಗಡಿ ಕೆರೆಯ ದಂಡೆಗೆ ಇಳಿದೆವು. ನೀರ ತುಂಬ ಪಟ್ಟೆತಲೆ ಹೆಬ್ಬಾತುಗಳು. ಬೂದು ಮೈ, ಬಿಳಿಯ ತಲೆ, ತಲೆಯ ಹಿಂಬದಿಗೆ ಎರಡು ಕರಿಯ ಪಟ್ಟೆ. ವಿಭೂತಿಯನ್ನು ತಿರುಗುಮುರುಗಾಗಿ ಧರಿಸಿವೆಯೆಂದು ಜೊತೆಗಿದ್ದ ಬಾಲಕನು ನಕ್ಕನು. ನಮಗೂ ನಗು ತಡೆಯಲಾಗಲಿಲ್ಲ.

ಸದ್ಭಕ್ತ ಬಂಧುಗಳೆ, ಈ ಹಕ್ಕಿಗಳು ಮರಿಮಾಡುವುದು ಮಂಗೋಲಿಯ, ಟಿಬೆಟ್, ಲಡಾಖ್ ಮೊದಲಾದ ಎತ್ತರದ ಸೀಮೆಗಳಲ್ಲಿ. ಹಿಮಾಲಯವನ್ನು ದಾಟಿ ಚಳಿಗಾಲಕ್ಕೆ ನಮ್ಮಲ್ಲಿಗೆ ಬರುತ್ತವೆ. ಮಳೆನೀರನ್ನು ಹಿಡಿದಿಡಲು ನಮ್ಮ ಹಿರಿಯರು ಕಟ್ಟಿದ, ಐವತ್ತು ಹೆಕ್ಟೇರಿನ ಆಸುಪಾಸಿನ ಈ ಕೆರೆಗೆ ಚಳಿಗಾಲದಲ್ಲಿ ಸುಮಾರು 8,000 ಹೆಬ್ಬಾತುಗಳು ಬರುತ್ತವೆಂದು ಸರಕಾರದ ದಾಖಲೆ ಹೇಳುತ್ತದೆ. 2024ರ ಜನವರಿಯಲ್ಲಿ ಇದು ರಾಮ್‌ಸಾರ್ ಪಟ್ಟಿಗೆ ಸೇರಿತು. 1971ರಲ್ಲಿ ಇರಾನಿನ ರಾಮ್‌ಸಾರ್ ಪಟ್ಟಣದಲ್ಲಿ ಆದ ಒಪ್ಪಂದದಿಂದ ಹುಟ್ಟಿದ, ಜಗತ್ತಿನ ಮಹತ್ವದ ಜಲಭೂಮಿಗಳ ಪಟ್ಟಿಯದು. ಚೀನದ ಚಿಂಗ್‌ಹಾಯ್ ಸರೋವರದ ಹಕ್ಕಿದ್ವೀಪವು 1992ರಿಂದಲೇ ಅದರಲ್ಲಿದೆ. ಅಲ್ಲಿ 2005ರಲ್ಲಿ ಹಕ್ಕಿಜ್ವರ ಬಂದು ಸಾವಿರಾರು ಹಕ್ಕಿಗಳು ಸತ್ತವು. ಅವುಗಳಲ್ಲಿ ಬಹುಪಾಲು ಇದೇ ಪಟ್ಟೆತಲೆಯವು.

ಆದುದರಿಂದ ಒಂದು ಕೆರೆಯ ಲೆಕ್ಕದಿಂದ ಏನೂ ತಿಳಿಯದು. ಮಾಗಡಿಯಲ್ಲಿ ಒಂದು ವರ್ಷ ಹಕ್ಕಿ ಕಡಿಮೆಯಾದರೆ ಅವು ದೂರದ ದೇಶದಲ್ಲಿ ಸತ್ತವೋ, ನೀರು ಸಾಲದೆ ಪಕ್ಕದ ತಾಲೂಕಿಗೆ ಹೋದವೋ? ಇದನ್ನರಿಯಲೆಂದೇ 1987ರಿಂದ ಏಷ್ಯದ ಹಲವು ದೇಶಗಳಲ್ಲಿ ಪ್ರತಿ ಜನವರಿಯಲ್ಲಿ ಏಕಕಾಲಕ್ಕೆ ನೀರಹಕ್ಕಿಗಳ ಗಣತಿ ನಡೆಯುತ್ತಿದೆ. ಮಂಗೋಲಿಯದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿಕೊಂಡ ಹೆಬ್ಬಾತುಗಳನ್ನು ಮೈಸೂರು ಸೀಮೆಯ ಹದಿನಾರು ಕೆರೆಯಲ್ಲಿ ಕಂಡವರಿದ್ದಾರೆ. ಆ ಪಟ್ಟಿಯ ಅಕ್ಷರವನ್ನು ಓದಿ ತಿಳಿಸುವ ಕಣ್ಣು ಇಲ್ಲಿರದಿದ್ದರೆ ಅಲ್ಲಿಯವರ ಶ್ರಮವೆಲ್ಲ ವ್ಯರ್ಥ.

ಎಣಿಸುವವರು ಹಕ್ಕಿ ಕಿಕ್ಕಿರಿದ ಕೆರೆಗೇ ಹೋಗುತ್ತಾರೆ, ಅದು ಮನುಷ್ಯಸ್ವಭಾವ. ರೋಣ, ನರಗುಂದ, ಗಜೇಂದ್ರಗಡಗಳ ಊರ ಕೆರೆಗಳಿಗೆ ಹೋಗುವವರು ವಿರಳ. ‘ಅಲ್ಲೇನಿದೆ?’ ಎಂದು ಕೇಳುತ್ತಾರೆ. ಏನೂ ಇಲ್ಲವೆಂಬುದನ್ನೇ ಬರೆಯಬೇಕು. ತಾರೀಖು, ನೀರಿನ ಮಟ್ಟ, ಹಕ್ಕಿ ಸೊನ್ನೆ. ಹತ್ತು ವರ್ಷ ಸೊನ್ನೆಯಿದ್ದ ಕೆರೆಯಲ್ಲಿ ಹೂಳೆತ್ತಿದ ಮರುವರ್ಷ ನಲವತ್ತು ಹಕ್ಕಿ ಇಳಿದರೆ, ಆ ನಲವತ್ತರ ಅರ್ಥ ಹಿಂದಿನ ಸೊನ್ನೆಗಳಲ್ಲಿದೆ. ಶಾಲೆಯ ಮಕ್ಕಳೂ ಮಾಡಬಹುದಾದ ಕೆಲಸವಿದು. ಮನೆಯ ಹಿರಿಯರು ಜೊತೆಗೆ ಹೋದರೆ ಹಿಂದೆ ಯಾವ ಹಕ್ಕಿ ಬರುತ್ತಿತ್ತೆಂಬ ನೆನಪೂ ಆ ಹಾಳೆಯಲ್ಲಿ ಸೇರೀತು.

ಇದನ್ನೆಲ್ಲ ನಾವು ಅಂದು ದಂಡೆಯ ಮೇಲೆ ನಿಂತಿದ್ದ ರೈತರೊಬ್ಬರಿಗೆ ಉತ್ಸಾಹದಿಂದ ವಿವರಿಸಿದೆವು. ಈ ಹಕ್ಕಿಗಳು ಹೊಲಕ್ಕಿಳಿದು ಎಳೆಯ ಪೈರನ್ನು ಮೇಯುತ್ತವೆ. ಆದರೂ ಅವರು ಕಲ್ಲೆಸೆದವರಲ್ಲ. ಕೊನೆಯವರೆಗೆ ಕೇಳಿ ಹೇಳಿದರು: “ಶಾಸ್ತ್ರಿಗಳ, ಯಾ ದೇಶದ ಹಕ್ಕಿ ಆದ್ರೇನ್ರಿ, ಮೇಯೂದು ನಮ್ಮ ಹೊಲದಾಗ. ಬರ್ಲಿ, ನಮ್ಮ ಬ್ಯಾಡ ಇಲ್ಲ. ಖರೆ ದಾಸೋಹದ ಭಾರ ಎಲ್ಲಾ ನಾಕು ಮಂದಿ ಮ್ಯಾಲೆ ಬಿದ್ದೈತಿ. ಹಕ್ಕಿ ಎಣಿಸಾಕ ಬಂದವ್ರು ಮೇದ ಸಾಲು ಎಷ್ಟಂತ ಎಣಿಸ್ಯಾರೇನ್ರಿ?”

ನಮ್ಮಲ್ಲಿ ಉತ್ತರವಿರಲಿಲ್ಲ. ಅವರೊಡನೆ ಹೊಲಕ್ಕೆ ಹೋಗಿ ಆ ಸಾಲುಗಳನ್ನು ನೋಡಿ ಬಂದೆವು. ಹನ್ನೊಂದು ಸಾಲುಗಳು ಬುಡದವರೆಗೆ ಬರಿದಾಗಿದ್ದವು.