ಮೇವಿನ ಲೋಹ, ಚೀಲದ ಖನಿಜ

ಆಡು ಬಡವರ ಹಸು ಎಂಬ ಮಾತಿದೆ. ಮಲೆನಾಡಿನ ಅಂಚಿನ ಹಳ್ಳಿಗಳಲ್ಲಿ ಅದು ಬಡವರ ಉಳಿತಾಯವೂ ಹೌದು. ಆಸ್ಪತ್ರೆಯ ಖರ್ಚೋ ಶಾಲೆಯ ಶುಲ್ಕವೋ ಎದುರಾದಾಗ ಕೊಟ್ಟಿಗೆಯಿಂದ ಒಂದು ಹೋತ ಸಂತೆಗೆ ಹೋಗುತ್ತದೆ. ಇಂತಹ ಪ್ರಾಣಿಯ ಮೇವಿಗೆ ಭಾರಲೋಹ ಸೇರುವ ಪ್ರಶ್ನೆ ಬಂದಾಗ, ಲವಣ ಮಿಶ್ರಣ ತಿನ್ನಿಸಿದರೆ ಸಾಕು ಎಂಬ ಸಲಹೆ ಸುಲಭವಾಗಿ ದೊರೆಯುತ್ತದೆ. ಅದರಲ್ಲಿ ಸತ್ಯಾಂಶವಿದೆ, ಆದರೆ ಅರ್ಧ ಮಾತ್ರ. ಉಳಿದರ್ಧವನ್ನು ಅರಿಯದೆ ಪಾಲಿಸಿದರೆ ಮದ್ದೇ ವಿಷವಾಗುವ ಸಂಭವವುಂಟು.

ಸೀಸ ಹಾಗೂ ಕ್ಯಾಡ್ಮಿಯಂ ದೇಹಕ್ಕೆ ಯಾವ ಉಪಯೋಗಕ್ಕೂ ಬಾರದ ಲೋಹಗಳು. ಕರುಳಿನಲ್ಲಿ ಅವುಗಳಿಗೆಂದೇ ಮೀಸಲಾದ ದಾರಿಯಿಲ್ಲ. ಕ್ಯಾಲ್ಸಿಯಂ, ಕಬ್ಬಿಣ, ಸತು ಸಾಗುವ ದಾರಿಯಲ್ಲಿಯೇ ಅವು ನುಸುಳುತ್ತವೆ. ಈ ಪೋಷಕಗಳ ಕೊರತೆಯಿರುವ ದೇಹ ವಿಷಲೋಹವನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಕೊರತೆ ತುಂಬಿದಾಗ ಹೀರಿಕೆ ತಗ್ಗುತ್ತದೆ. ಲವಣ ಮಿಶ್ರಣದ ನಿಜವಾದ ಪ್ರಯೋಜನ ಇದೇ. ಆದರೆ ಈಗಾಗಲೇ ಮೂಳೆಯಲ್ಲಿ ನೆಲೆಸಿದ ಸೀಸವನ್ನಾಗಲಿ, ಯಕೃತ್ತು ಹಾಗೂ ಮೂತ್ರಪಿಂಡಗಳಲ್ಲಿ ಸಂಗ್ರಹವಾದ ಕ್ಯಾಡ್ಮಿಯಂ ಅನ್ನಾಗಲಿ ಅದು ತೊಳೆದು ಹಾಕಲಾರದು.

ತಾಮ್ರದ ಕಥೆ ಇನ್ನೂ ಸೂಕ್ಷ್ಮವಾದುದು. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಅದು ಅಸಂಖ್ಯ ತೋಟಗಳನ್ನು ಉಳಿಸಿದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಪ್ರತಿ ಬೆಳೆಗಾರನಿಗೂ ಬಾಯಿಪಾಠ. ಆ ಒಂದು ಕಿಲೋ ಮೈಲುತುತ್ತಿನಲ್ಲಿ ಸುಮಾರು 250 ಗ್ರಾಂ ತಾಮ್ರವಿರುತ್ತದೆ. ಲೋಹ ಕೊಳೆಯುವುದಿಲ್ಲ. ವರ್ಷವರ್ಷವೂ ಗೊನೆಯಿಂದ ತೊಟ್ಟಿಕ್ಕಿದ ತಾಮ್ರ ಬುಡದ ಹುಲ್ಲಿನ ಮೇಲೂ ಮೇಲ್ಮಣ್ಣಿನಲ್ಲೂ ಉಳಿಯುತ್ತದೆ. ಆ ಹುಲ್ಲೇ ಕೊಯ್ದು ಕೊಟ್ಟಿಗೆಗೆ ಬರುತ್ತದೆ.

ತಾಮ್ರ ಅಲ್ಪ ಪ್ರಮಾಣದಲ್ಲಿ ಪ್ರಾಣಿಗೆ ಬೇಕೇ ಬೇಕು. ಮಿತಿಮೀರಿದರೆ ಅದು ವಾರಗಟ್ಟಲೆ, ತಿಂಗಳುಗಟ್ಟಲೆ ಸದ್ದಿಲ್ಲದೆ ಯಕೃತ್ತಿನಲ್ಲಿ ಶೇಖರವಾಗುತ್ತದೆ. ಸಾಗಾಟ, ಹಸಿವು, ಚಳಿಯಂತಹ ಒತ್ತಡ ಬಂದ ದಿನ ಒಮ್ಮೆಲೇ ರಕ್ತಕ್ಕೆ ಸುರಿಯುತ್ತದೆ. ಕಣ್ಣು ಹಳದಿಯಾಗಿ, ಮೂತ್ರ ಕೆಂಪಾಗಿ, ಪ್ರಾಣಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಕುರಿಗೆ ಈ ಅಪಾಯ ಅತಿ ಹೆಚ್ಚು. ಬೆಳೆದ ಆಡು ಕುರಿಗಿಂತ ಹೆಚ್ಚು ತಾಮ್ರವನ್ನು ತಾಳಬಲ್ಲದು, ಮರಿಗಳಿಗೆ ಆ ಶಕ್ತಿ ಕಡಿಮೆ. ಐರೋಪ್ಯ ಒಕ್ಕೂಟದ 2018ರ ನಿಯಮ ಒಂದು ಕಿಲೋ ಆಹಾರದಲ್ಲಿ ಆಡಿಗೆ 35 ಮಿಲಿಗ್ರಾಂ, ಕುರಿಗೆ 15 ಮಿಲಿಗ್ರಾಂ ತಾಮ್ರದ ಮಿತಿಯನ್ನು ಹಾಕಿರುವುದು ಈ ಕಾರಣದಿಂದಲೇ.

ದನಗಳಿಗೆಂದು ಮಾರುವ ಲವಣ ಮಿಶ್ರಣದಲ್ಲಿ ಸಾಮಾನ್ಯವಾಗಿ ತಾಮ್ರವೂ ಸೇರಿರುತ್ತದೆ. ತಾಮ್ರ ತುಂಬಿದ ಹುಲ್ಲು ತಿನ್ನುವ ಮಂದೆಗೆ ಅದನ್ನೇ ಹಾಕುವುದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಅಲ್ಲಿ ಬೇಕಾದುದು ತಾಮ್ರವನ್ನು ಹಿಡಿದಿಡುವ ಖನಿಜ. ಮಾಲಿಬ್ಡಿನಂ ಹಾಗೂ ಗಂಧಕ ಹೊಟ್ಟೆಯಲ್ಲಿ ತಾಮ್ರದೊಡನೆ ಬೆರೆತು ಅದು ರಕ್ತ ಸೇರದಂತೆ ತಡೆಯುತ್ತವೆ. ಸತು ಕೂಡ ಕರುಳಿನಲ್ಲಿ ಅದನ್ನು ತಡೆದು ನಿಲ್ಲಿಸುತ್ತದೆ. ಆದರೆ ಪ್ರಮಾಣ ತಪ್ಪಿದರೆ ತಾಮ್ರದ ಕೊರತೆಯೇ ರೋಗವಾಗುವುದರಿಂದ ಇದು ಪಶುವೈದ್ಯರ ಕೈಯಲ್ಲಿ ನಡೆಯಬೇಕಾದ ಕೆಲಸ. ಇನ್ನೊಂದು ಎಚ್ಚರವೂ ಅಗತ್ಯ: ಕಳಪೆ ಸತುವಿನ ಲವಣ ಹಾಗೂ ಶುದ್ಧೀಕರಿಸದ ರಂಜಕದ ಶಿಲೆಯ ಪುಡಿಯಲ್ಲಿ ಕ್ಯಾಡ್ಮಿಯಂ ಇರಬಹುದು. ಗುಣಮಟ್ಟದ ಗುರುತಿಲ್ಲದ ಅಗ್ಗದ ಚೀಲ ತಾನು ತಡೆಯಬೇಕಾದ ಲೋಹವನ್ನೇ ತಂದು ಕೊಟ್ಟಿಗೆಗೆ ಸುರಿಯಬಲ್ಲದು.

ಆದ್ದರಿಂದ ಮೊದಲ ಕೆಲಸ ಲೋಹವನ್ನು ಮೇವಿನಿಂದ ದೂರವಿಡುವುದು. ಔಷಧಿ ಸಿಂಪಡಿಸುವ ಮೊದಲೇ ತೋಟದ ಹುಲ್ಲನ್ನು ಕೊಯ್ದಿಡಬೇಕು. ಸಿಂಪಡಿಸಿದ ಹುಲ್ಲನ್ನು ಗೊಬ್ಬರದ ಗುಂಡಿಗೂ ಹಾಕದೆ ಮರದ ಬುಡದಲ್ಲೇ ಬಿಡುವುದು ಲೇಸು. ಮೈಲುತುತ್ತು ಕಲಸಿದ ಡ್ರಮ್ಮನ್ನು ಹಳ್ಳದಲ್ಲಿ ತೊಳೆಯಬಾರದು. ಮಲೆನಾಡಿನ ಹುಳಿಮಣ್ಣಿನಲ್ಲಿ ಲೋಹಗಳು ಸುಲಭವಾಗಿ ಕರಗಿ ಬೇರಿಗೆ ದೊರೆಯುತ್ತವೆ. ಪರೀಕ್ಷೆಯ ನಂತರ ಸುಣ್ಣ ಹಾಕಿದರೆ ಇದು ತಗ್ಗುತ್ತದೆ. ಘಾಟಿ ರಸ್ತೆಯಂಚಿನ ಸೊಪ್ಪನ್ನೂ ಮಂದೆಗೆ ತರದಿರುವುದು ಕ್ಷೇಮ. ದೇಶದಲ್ಲಿ ಸೀಸಯುಕ್ತ ಪೆಟ್ರೋಲ್ 2000ದಲ್ಲಿ ನಿಂತಿತು, ಅದು ಮಣ್ಣಿಗೆ ಬಿಟ್ಟ ಸೀಸ ನಿಂತಿಲ್ಲ.

ಎರಡನೆಯದು ಅಳತೆಯ ಪ್ರಶ್ನೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ತಾಮ್ರ, ಸತು ಎರಡೂ ಇವೆ. ಆದರೆ ಅವನ್ನು ಬೆಳೆಯ ಕೊರತೆಯ ದೃಷ್ಟಿಯಿಂದಷ್ಟೇ ಓದುವುದು ವಾಡಿಕೆಯಾಗಿದೆ. ಸೀಸ, ಕ್ಯಾಡ್ಮಿಯಂ ಆ ಪಟ್ಟಿಯಲ್ಲೇ ಇಲ್ಲ. ಊರಿನ ಚೀಟಿಗಳನ್ನು ಒಟ್ಟುಗೂಡಿಸಿ, ಯಾವ ತೋಟದಲ್ಲಿ ತಾಮ್ರ ಏರಿದೆ ಎಂಬ ನಕ್ಷೆಯನ್ನು ಶಾಲಾ ಕಾಲೇಜುಗಳ ವಿದ್ಯಾರ್ಥಿಗಳೇ ಸಿದ್ಧಪಡಿಸಬಹುದು. ಹೆದ್ದಾರಿಯ ಪಕ್ಕ, ಹಳೆಯ ಬ್ಯಾಟರಿ ಒಡೆಯುವ ತಾಣಗಳ ಸುತ್ತ ಮೇವಿನಲ್ಲಿ ಸೀಸದ ಪರೀಕ್ಷೆಯಾಗಲಿ ಎಂದು ಗ್ರಾಮಸಭೆಗಳು ನಿರ್ಣಯಿಸಿ ಒತ್ತಾಯಿಸಬೇಕು. ಆ ಅಂಕಿಗಳು ಕೈಗೆ ಬಂದ ಮೇಲೆ ಯಾವ ಖನಿಜ, ಎಷ್ಟು, ಯಾವ ಮಂದೆಗೆ ಎಂದು ಪಶುವೈದ್ಯರು ಹೇಳಬಲ್ಲರು. ಅಲ್ಲಿಯವರೆಗೆ ಚೀಲದ ಮೇಲಿನ ಜಾಹೀರಾತನ್ನು ನಂಬಿ ಆಡಿನ ಬಾಯಿಗೆ ಏನನ್ನೂ ಸುರಿಯದಿರುವುದೇ ವಿವೇಕ.